ಸಿಗರೇಟು ಬಿಡಲು ಸ್ವಯಂ ಸಮ್ಮೋಹನ: ದಿನಕ್ಕೆ ಹತ್ತು ಸಲದ ಒಂದು ಅಭ್ಯಾಸ

ಸಮ್ಮೋಹನದಿಂದ ಸಿಗರೇಟು ಬಿಡಿಸುತ್ತೇವೆ ಎನ್ನುವ ಜಾಹೀರಾತುಗಳಲ್ಲಿ ನೂರಕ್ಕೆ ತೊಂಬತ್ತು, ತೊಂಬತ್ತೈದು ಎಂಬಂಥ ಅಂಕಿಗಳು ಧಾರಾಳವಾಗಿ ಕಾಣಿಸುತ್ತವೆ. ಆದರೆ ಈ ವಿಧಾನವನ್ನು ಪ್ರಸಿದ್ಧಿಗೆ ತಂದ ನ್ಯೂಯಾರ್ಕಿನ ಮನೋವೈದ್ಯ ಹರ್ಬರ್ಟ್ ಸ್ಪೀಗಲ್ ಅವರು 1970ರಲ್ಲಿ ಪ್ರಕಟಿಸಿದ ಲೆಕ್ಕ ಅಷ್ಟು ಉದಾರವಾಗಿರಲಿಲ್ಲ. ಒಂದೇ ಭೇಟಿಯಲ್ಲಿ ಸ್ವಯಂ ಸಮ್ಮೋಹನವನ್ನು ಕಲಿಸಿ ಮನೆಗೆ ಕಳುಹಿಸಿದ 615 ಮಂದಿಯಲ್ಲಿ ಆರು ತಿಂಗಳ ನಂತರವೂ ಸೇದದೆ ಉಳಿದಿದ್ದವರು ಸರಿಸುಮಾರು ಐವರಲ್ಲಿ ಒಬ್ಬರು. ಅವರ ಮಗ ಡೇವಿಡ್ ಸ್ಪೀಗಲ್ ಮತ್ತು ಸಂಗಡಿಗರು 1993ರಲ್ಲಿ 226 ಮಂದಿಯ ವಿವರವನ್ನು ಪ್ರಕಟಿಸಿದಾಗ, ಮೊದಲ ವಾರ ಅರ್ಧಕ್ಕಿಂತ ತುಸು ಹೆಚ್ಚು ಜನ ಸೇದದೆ ಇದ್ದರೂ ಎರಡು ವರ್ಷದ ಹೊತ್ತಿಗೆ ಉಳಿದವರು ನೂರಕ್ಕೆ 23. ಇಂಥ 14 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2019ರ ಪರಾಮರ್ಶೆಯು, ಚಟ ಬಿಡಿಸುವ ಬೇರೆ ನೆರವುಗಳಿಗಿಂತ ಸಮ್ಮೋಹನವೇ ಮೇಲು ಎಂದು ಹೇಳಲು ಸಾಕಷ್ಟು ಪುರಾವೆಯಿಲ್ಲ ಎಂಬ ತೀರ್ಮಾನಕ್ಕೆ ಬಂದಿತು.

ಈ ಅಂಕಿಗಳನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಂತ್ರ ಹಾಕಿದಂತೆ ಒಂದೇ ರಾತ್ರಿಯಲ್ಲಿ ಚಟ ಬಿಟ್ಟುಹೋಗುತ್ತದೆಂದು ನಂಬಿ ಕುಳಿತವರು ಮೂರನೆಯ ದಿನವೇ ನಿರಾಶರಾಗಿ ಗೂಡಂಗಡಿಗೆ ಮರಳುತ್ತಾರೆ. ಇದು ಸೈಕಲ್ ಕಲಿತಂತೆ ಬಿದ್ದು ಎದ್ದು ಕಲಿಯಬೇಕಾದ ಒಂದು ಅಭ್ಯಾಸವೆಂದು ತಿಳಿದು ಕುಳಿತವರಿಗೆ ಅದರಿಂದ ಪ್ರಯೋಜನ ಸಿಗುವ ಸಂಭವ ಹೆಚ್ಚು. ನಾನು ಹದಿನಾಲ್ಕು ವರ್ಷ ಸೇದಿ, ನಾಲ್ಕು ಸಲ ಬಿಟ್ಟು, ಮೂರು ಸಲ ಮರಳಿ ಹಿಡಿದವನು. ನಾಲ್ಕನೆಯ ಸಲ ಬಿಟ್ಟಾಗ ಈ ಅಭ್ಯಾಸ ಜೊತೆಗಿತ್ತು. ಅದು ನನಗೆ ಸಿಗರೇಟಿನ ಮೇಲೆ ಅಸಹ್ಯವನ್ನೇನೂ ಹುಟ್ಟಿಸಲಿಲ್ಲ. ಕೈ ಜೇಬಿಗೆ ಹೋಗುವುದಕ್ಕೂ ಕಡ್ಡಿ ಗೀರುವುದಕ್ಕೂ ನಡುವೆ ಇಪ್ಪತ್ತು ಸೆಕೆಂಡಿನ ಒಂದು ಬಿಡುವನ್ನು ಮಾಡಿಕೊಟ್ಟಿತು, ಅಷ್ಟೆ. ಆ ಬಿಡುವಿನಲ್ಲಿ ಏನು ಮಾಡಬೇಕೆಂಬುದನ್ನು ಸೇದುವ ಹಂಬಲ ಇಲ್ಲದ ಹೊತ್ತಿನಲ್ಲೇ ನೂರಾರು ಸಲ ತಾಲೀಮು ಮಾಡಿಟ್ಟುಕೊಳ್ಳಬೇಕು. ಈ ಬರಹದಲ್ಲಿರುವುದು ಆ ತಾಲೀಮಿನ ಕ್ರಮ.

ಸಮ್ಮೋಹನವೆಂದರೆ ಏನಾಗುತ್ತದೆ

ಬಸ್ಸಿನಲ್ಲಿ ಏನನ್ನೋ ಯೋಚಿಸುತ್ತ ಕುಳಿತು ಇಳಿಯಬೇಕಾದ ನಿಲ್ದಾಣ ದಾಟಿಹೋದದ್ದು ಎಲ್ಲರಿಗೂ ಅನುಭವಕ್ಕೆ ಬಂದಿರುತ್ತದೆ. ಯಕ್ಷಗಾನ ನೋಡಲು ಚಾಪೆ ಹಾಸಿಕೊಂಡು ಕುಳಿತವರಿಗೆ ಬೆಳಗಿನ ಜಾವ ಮೂರು ಗಂಟೆಯ ಚಳಿಯಾಗಲಿ, ಮರಗಟ್ಟಿದ ಕಾಲಾಗಲಿ ಗಮನಕ್ಕೆ ಬರುವುದಿಲ್ಲ. ಪ್ರಸಂಗ ಮುಗಿದು ಎದ್ದು ನಿಂತಾಗಲೇ ಕಾಲು ಜೋಮು ಹಿಡಿದದ್ದು ಗೊತ್ತಾಗುತ್ತದೆ. ಗಮನವೆಲ್ಲ ಒಂದೇ ಕಡೆ ನೆಟ್ಟು, ಸುತ್ತಲಿನದು ಮಸುಕಾಗಿ, ಆ ಹೊತ್ತಿನಲ್ಲಿ ಕೇಳಿದ ಮಾತು ಅಡ್ಡಿಯಿಲ್ಲದೆ ಒಳಗಿಳಿಯುವ ಇಂಥ ಸ್ಥಿತಿಯನ್ನು ಬೇಕೆಂದೇ ತಂದುಕೊಳ್ಳುವುದು ಸಮ್ಮೋಹನ. ಅದನ್ನು ಇನ್ನೊಬ್ಬರ ನೆರವಿಲ್ಲದೆ ತಾನೇ ತಂದುಕೊಂಡು, ತನಗೆ ತಾನೇ ಸೂಚನೆ ಕೊಟ್ಟುಕೊಳ್ಳುವುದು ಸ್ವಯಂ ಸಮ್ಮೋಹನ.

1841ರಲ್ಲಿ ಮ್ಯಾಂಚೆಸ್ಟರಿನಲ್ಲಿ, ಅಯಸ್ಕಾಂತ ಶಕ್ತಿಯಿಂದ ಜನರನ್ನು ಮಂಪರಿಗೆ ತರುತ್ತೇವೆನ್ನುವ ಮೆಸ್ಮರಿಸಂ ವಿದ್ಯೆಯ ಒಂದು ಸಾರ್ವಜನಿಕ ಪ್ರದರ್ಶನವನ್ನು ಅನುಮಾನದ ಕಣ್ಣಿನಿಂದಲೇ ನೋಡಿದ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್, ಪ್ರದರ್ಶಕನ ಕೈಯಿಂದ ಯಾವ ಅಯಸ್ಕಾಂತ ಶಕ್ತಿಯೂ ಹರಿಯುವುದಿಲ್ಲ, ಕಣ್ಣು ಮತ್ತು ಗಮನ ಒಂದೆಡೆ ನೆಟ್ಟಾಗ ನೋಡುವವನ ನರಮಂಡಲದಲ್ಲೇ ಈ ಬದಲಾವಣೆ ಆಗುತ್ತದೆ ಎಂದು ವಾದಿಸಿದರು. 1843ರಲ್ಲಿ ಈ ಕುರಿತ ಪುಸ್ತಕವನ್ನೂ ಪ್ರಕಟಿಸಿದರು. ಹಿಪ್ನಾಟಿಸಂ ಎಂಬ ಹೆಸರು ಬಳಕೆಗೆ ಬಂದದ್ದು ಅವರಿಂದ. ಕ್ಲೋರೋಫಾರ್ಮ್ ಬಳಕೆಗೆ ಬರುವ ಮೊದಲು, 1845ರಲ್ಲಿ, ನಮ್ಮ ದೇಶದ ಹೂಗ್ಲಿಯಲ್ಲಿಯೇ ಜೇಮ್ಸ್ ಎಸ್ಡೇಲ್ ಎಂಬ ವೈದ್ಯರು ಇದರ ಹಿಂದಿನ ರೂಪವಾದ ಮೆಸ್ಮರಿಸಂ ಬಳಸಿ ಶಸ್ತ್ರಚಿಕಿತ್ಸೆಗಳನ್ನು ಆರಂಭಿಸಿದ್ದರು ಎಂಬುದು ಈ ಕಥೆಯ ಒಂದು ಕುತೂಹಲಕರ ಉಪಕಥೆ.

ಈ ಸ್ಥಿತಿಯಲ್ಲಿ ಪ್ರಜ್ಞೆ ತಪ್ಪುವುದಿಲ್ಲ. ಫೋನ್ ಬಡಿದರೆ ಕೇಳಿಸುತ್ತದೆ, ಹಾಲು ಉಕ್ಕಿದ ವಾಸನೆ ಬಂದರೆ ಎದ್ದು ಹೋಗಬಹುದು, ಅದರಲ್ಲೇ ಸಿಕ್ಕಿಹಾಕಿಕೊಳ್ಳುತ್ತೇವೆಂಬ ಭಯ ಬೇಕಿಲ್ಲ. ಯೋಗನಿದ್ರೆಯನ್ನು ಕಲಿತವರಿಗೆ ಮೈ ಸಡಿಲಿಸಿ ಸಂಕಲ್ಪವನ್ನು ಮನಸ್ಸಿನಲ್ಲಿ ಮೂರು ಸಲ ಹೇಳಿಕೊಳ್ಳುವ ಕ್ರಮ ಗೊತ್ತಿರುತ್ತದೆ. ಅವರಿಗೆ ಇಲ್ಲಿ ಅರ್ಧ ದಾರಿ ಆಗಲೇ ಸವೆದಿದೆ. ಆದರೆ ಸಮ್ಮೋಹನಕ್ಕೆ ಒಳಗಾಗುವ ಸ್ವಭಾವ ಎಲ್ಲರಲ್ಲೂ ಒಂದೇ ಬಗೆಯಲ್ಲಿರುವುದಿಲ್ಲ. ಕೆಲವರು ಬಹಳ ಸುಲಭವಾಗಿ ಒಳಗಿಳಿಯುತ್ತಾರೆ, ಕೆಲವರು ಎಷ್ಟು ಮಾಡಿದರೂ ಇಳಿಯುವುದಿಲ್ಲ, ಬಹುಪಾಲು ಜನ ನಡುವೆ ಇರುತ್ತಾರೆ. ಇದು ಬುದ್ಧಿಯ ಅಥವಾ ಮನೋಬಲದ ಅಳತೆಯಲ್ಲ. ಒಂದೆರಡು ವಾರ ಪ್ರಾಮಾಣಿಕವಾಗಿ ಮಾಡಿಯೂ ಏನೂ ಅನಿಸದವರು ಬೇರೆ ದಾರಿ ಹಿಡಿಯಲು ಸಂಕೋಚಪಡಬೇಕಾಗಿಲ್ಲ.

ಮೊದಲ ಮೂರು ದಿನ: ಬಿಡಬೇಡಿ, ಬರೆಯಿರಿ

ಅಭ್ಯಾಸಕ್ಕೆ ಕೂರುವ ಮೊದಲು ಮೂರು ದಿನ ಎಂದಿನಂತೆಯೇ ಸೇದಿ, ಪ್ರತಿ ಸಿಗರೇಟಿಗೂ ಒಂದು ಸಾಲು ಬರೆದಿಡಿ. ಪ್ಯಾಕಿಗೆ ರಬ್ಬರ್ ಬ್ಯಾಂಡಿನಿಂದ ಒಂದು ಚೀಟಿ ಸುತ್ತಿಟ್ಟರೆ ಬರೆಯದೆ ಸೇದುವುದು ಸಾಧ್ಯವಾಗುವುದಿಲ್ಲ. ಎಷ್ಟು ಗಂಟೆ, ಎಲ್ಲಿ, ಯಾರ ಜೊತೆ, ಅದಕ್ಕೆ ಒಂದು ನಿಮಿಷ ಮೊದಲು ಏನು ನಡೆಯಿತು ಎಂಬಷ್ಟು ಸಾಕು. ನನ್ನ ಚೀಟಿಯಲ್ಲಿ ಹೀಗಿತ್ತು: ಬೆಳಿಗ್ಗೆ 6.40, ಕಾಫಿ ಮುಗಿದ ತಕ್ಷಣ, ಹಿತ್ತಿಲ ಕಲ್ಲಿನ ಮೇಲೆ. 11.15, ಫೋನಿನಲ್ಲಿ ಮಾತು ಬಿಸಿಯಾದ ಮೇಲೆ, ಮೆಟ್ಟಿಲ ಬಳಿ. ಸಂಜೆ 4.30, ಕಚೇರಿಯ ಎದುರಿನ ಚಹಾ ಅಂಗಡಿ, ಬೈಟು, ಗೆಳೆಯ ಪ್ಯಾಕನ್ನು ಅಲುಗಾಡಿಸಿ ಒಂದನ್ನು ಮುಂದೆ ಮಾಡಿದ.

ಮೂರನೆಯ ದಿನ ಆ ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ತಿಳಿದದ್ದು ಏನೆಂದರೆ, ದಿನದ ಹನ್ನೆರಡರಲ್ಲಿ ನಿಜವಾಗಿ ಬೇಕೆನಿಸಿ ಸೇದಿದ್ದು ನಾಲ್ಕೋ ಐದೋ ಮಾತ್ರ. ಉಳಿದವು ಸ್ಥಳ, ಲೋಟ ಮತ್ತು ಗೆಳೆಯನ ಕೈ ಸೇದಿಸಿದವು. ಚಹಾ ಅಂಗಡಿಯ ಕಂಬಕ್ಕೆ ದಾರದಲ್ಲಿ ನೇತುಹಾಕಿದ್ದ ಲೈಟರನ್ನು ನೋಡಿದೊಡನೆ ನನ್ನ ಕೈ ತಾನಾಗಿ ಅದರ ಕಡೆ ಚಾಚುತ್ತಿತ್ತು, ಬಾಯಲ್ಲಿ ಸಿಗರೇಟು ಇರಲಿ ಇಲ್ಲದಿರಲಿ. ಇಂಥ ಮೂರು ಸಂದರ್ಭಗಳನ್ನು ಆರಿಸಿಕೊಂಡು ಗುರುತು ಮಾಡಿಡಿ. ಅಭ್ಯಾಸದಲ್ಲಿ ಮನಸ್ಸಿನೊಳಗೆ ತಂದುಕೊಳ್ಳಬೇಕಾದ ಚಿತ್ರಗಳು ಇವೇ.

ಇದೇ ಚೀಟಿಯಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಎದ್ದ ಮೂವತ್ತು ನಿಮಿಷದೊಳಗೆ ಮೊದಲ ಸಿಗರೇಟು ಅಥವಾ ಬೀಡಿ ಹಚ್ಚುವವರಾದರೆ ನಿಮ್ಮ ದೇಹ ನಿಕೋಟಿನ್‌ಗೆ ಗಟ್ಟಿಯಾಗಿಯೇ ಒಗ್ಗಿದೆ ಎಂದು ಅರ್ಥ. ಅಂಥವರು ಸೂಚನೆಯ ಬಲವೊಂದನ್ನೇ ನೆಚ್ಚಿಕೊಳ್ಳದೆ ವೈದ್ಯರನ್ನು ಕೇಳಿ ನಿಕೋಟಿನ್ ಚ್ಯೂಯಿಂಗ್ ಗಮ್ ಅಥವಾ ಔಷಧವನ್ನು ಜೊತೆಗಿಟ್ಟುಕೊಳ್ಳಬೇಕು. ಆ ಗಮ್ಮನ್ನು ಬಬಲ್‌ಗಮ್ಮಿನಂತೆ ಒಂದೇ ಸಮನೆ ಅಗಿದರೆ ಬಿಕ್ಕಳಿಕೆ ಬರುತ್ತದೆ. ನಿಧಾನವಾಗಿ ಕೆಲವು ಸಲ ಅಗಿದು, ಬಾಯಿ ಚುರುಗುಟ್ಟಿದೊಡನೆ, ಕವಳವನ್ನು ದವಡೆಗೆ ಒತ್ತಿಟ್ಟುಕೊಂಡಂತೆ ಕೆನ್ನೆಯ ಒಳಗೆ ಒತ್ತಿಟ್ಟುಕೊಳ್ಳಬೇಕು. ಗಮ್ ಬಳಸಿದರೆ ಮನೋಬಲ ಸೋತಂತೆ ಎಂಬ ಹುಸಿ ಅಭಿಮಾನ ನನಗೂ ಇತ್ತು. ಅದರ ಬೆಲೆ ನನ್ನ ಎರಡನೆಯ ಪ್ರಯತ್ನ.

ಬಿಡುವ ದಿನವನ್ನು ಈಗಲೇ ಗೊತ್ತು ಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಇಂದಿನಿಂದ ಏಳರಿಂದ ಹತ್ತು ದಿನದೊಳಗೆ ಬರುವ, ಮದುವೆ, ಗೃಹಪ್ರವೇಶ, ಊರ ಜಾತ್ರೆಯಂಥ ಗದ್ದಲವಿಲ್ಲದ ದಿನವಾದರೆ ಒಳ್ಳೆಯದು. ಅಲ್ಲಿಯವರೆಗಿನ ದಿನಗಳು ಅಭ್ಯಾಸವನ್ನು ಕಲಿಯಲು.

ಹೇಳಿಕೊಳ್ಳುವ ಮಾತು

ಇಡೀ ವಿಧಾನದಲ್ಲಿ ಹೆಚ್ಚು ಜನ ಎಡವುವ ಜಾಗ ಇದು. ಮೊದಲ ಸಲ ನಾನು ಬರೆದುಕೊಂಡ ಸೂಚನೆ, 'ನಾನು ಸಿಗರೇಟು ಸೇದುವುದಿಲ್ಲ, ನನಗೆ ಸಿಗರೇಟು ಬೇಡ' ಎಂಬುದಾಗಿತ್ತು. ಕಣ್ಣು ಮುಚ್ಚಿ ಹತ್ತು ಸಲ ಹೇಳಿಕೊಂಡು ಎದ್ದೆ. ಎದ್ದವನಿಗೆ ಹಿಂದೆಂದೂ ಇಲ್ಲದಷ್ಟು ಸೇದುವ ಆಸೆಯಾಯಿತು. ಕಾರಣ ಸರಳ: 'ಬೇಡ' ಎಂಬುದಕ್ಕೆ ಮನಸ್ಸಿನಲ್ಲಿ ಚಿತ್ರವಿಲ್ಲ, ಸಿಗರೇಟಿಗೆ ಇದೆ. ಹತ್ತು ಸಲ 'ಸಿಗರೇಟು ಬೇಡ' ಎಂದವನು ಹತ್ತು ಸಲ ಸಿಗರೇಟನ್ನು ನೋಡಿದಂತೆಯೇ. ಇಚ್ಛಾಶಕ್ತಿಯೂ ಕಲ್ಪನೆಯೂ ಎದುರುಬದುರಾದಾಗ ಗೆಲ್ಲುವುದು ಕಲ್ಪನೆಯೇ ಎಂದು, ತನಗೆ ತಾನೇ ಸೂಚನೆ ಕೊಟ್ಟುಕೊಳ್ಳುವ ಪದ್ಧತಿಯನ್ನು ಜನಪ್ರಿಯಗೊಳಿಸಿದ ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕೂಯೆ ನೂರು ವರ್ಷಗಳ ಹಿಂದೆಯೇ ಹೇಳುತ್ತಿದ್ದರು.

ಸ್ಪೀಗಲ್ ಅವರ ವಿಧಾನದ ಜಾಣತನವಿರುವುದು ಇಲ್ಲಿ. ಅವರು ಸಿಗರೇಟಿನ ಜೊತೆ ಜಗಳಕ್ಕೆ ನಿಲ್ಲದೆ ದೇಹದ ಕಡೆಗೆ ಗಮನ ತಿರುಗಿಸಿದರು. ಅವರ ಮೂರು ಅಂಶಗಳ ಹುರುಳು ಇಷ್ಟು: ಹೊಗೆ ನನ್ನ ದೇಹಕ್ಕೆ ವಿಷ, ಬದುಕಲು ನನಗೆ ಈ ದೇಹ ಬೇಕು, ಆದ್ದರಿಂದ ಈ ದೇಹವನ್ನು ಗೌರವಿಸಿ ಕಾಪಾಡುವ ಹೊಣೆ ನನ್ನದು. ಗಮನಿಸಿ, ವಿಷವಾಗಿರುವುದು ದೇಹಕ್ಕೆ. ನೀವು ಬೇರೆ, ದೇಹ ಬೇರೆ, ಕೊಟ್ಟದ್ದನ್ನು ಮರುಮಾತಿಲ್ಲದೆ ಒಳಗೆ ತೆಗೆದುಕೊಳ್ಳುವ ಆ ಮೂಕ ಪ್ರಾಣಿ ನಿಮ್ಮನ್ನು ನಂಬಿಕೊಂಡಿದೆ ಎಂಬಂತೆ ಇಲ್ಲಿ ಯೋಚಿಸಲಾಗಿದೆ. ಕೊಟ್ಟಿಗೆಯ ಕರುವಿನ ಮೂಗಿಗೆ ದಿನಕ್ಕೆ ಹನ್ನೆರಡು ಸಲ ಹೊಗೆ ಹಿಡಿಯುತ್ತೀರಾ ಎಂದು ಯಾರಾದರೂ ಕೇಳಿದರೆ ನಮಗೆ ಕೋಪ ಬರುತ್ತದಲ್ಲವೇ? ಆ ಕೋಪದೊಳಗಿನ ಅಕ್ಕರೆಯನ್ನೇ ಈ ಮೂರು ಮಾತು ನಮ್ಮ ಶ್ವಾಸಕೋಶದ ಕಡೆಗೆ ಹೊರಳಿಸುತ್ತವೆ.

ಈ ಮಾತುಗಳನ್ನು ಪುಸ್ತಕದ ಕನ್ನಡದಲ್ಲಿ ಇಟ್ಟುಕೊಳ್ಳಬೇಡಿ. ನೋವಾದಾಗ ಬಾಯಿಗೆ ಬರುವ, ಅಮ್ಮನ ಜೊತೆ ಮಾತಾಡುವ ಕನ್ನಡದಲ್ಲಿ ಬರೆದುಕೊಳ್ಳಿ; ಕುಂದಾಪುರದವರಿಗೆ ಕುಂದಾಪುರದ್ದು, ಧಾರವಾಡದವರಿಗೆ ಧಾರವಾಡದ್ದು, ಮನೆಯಲ್ಲಿ ತುಳು ಅಥವಾ ಕೊಂಕಣಿ ಆಡುವವರಿಗೆ ಅದೇ. ನಾನು ಕೊನೆಗೆ ಇಟ್ಟುಕೊಂಡದ್ದು ಇದು: 'ಈ ಹೊಗೆ ನನ್ನ ಮೈಗೆ ವಿಷ. ಬದುಕೋಕೆ ನಂಗೆ ಈ ಮೈ ಬೇಕು. ಇದನ್ನ ಕಾಯೋದು ನನ್ನ ಕೆಲಸ.' ಇದರ ಕೊನೆಗೆ ನಿಮ್ಮ ದಿನದಲ್ಲಿ ಕಣ್ಣಿಗೆ ಕಾಣುವ ಒಂದು ಫಲವನ್ನು ಸೇರಿಸಬಹುದು. ಮೂರನೆಯ ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತುವುದು, ಮಗುವನ್ನು ಎತ್ತಿಕೊಂಡಾಗ ಅದು ಮುಖ ತಿರುಗಿಸದೆ ಇರುವುದು, ಸಾರಿನ ಒಗ್ಗರಣೆಯ ಇಂಗು ಮತ್ತೆ ಮೂಗಿಗೆ ಹತ್ತುವುದು, ಹೀಗೆ ಯಾವುದಾದರೊಂದು. ಕ್ಯಾನ್ಸರಿನ ಚಿತ್ರಗಳಿಂದ ಹೆದರಿಸಿಕೊಳ್ಳುವುದು ಇಲ್ಲಿ ಕೆಲಸಕ್ಕೆ ಬರುವುದಿಲ್ಲವೆಂದು ನನ್ನ ಅನುಭವ. ಹೆದರಿದವನು ಸಮಾಧಾನಕ್ಕೆಂದು ಹುಡುಕುವುದು ಸಿಗರೇಟನ್ನೇ.

ಅಭ್ಯಾಸದ ಕ್ರಮ

ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಕುಳಿತು, ಪಾದಗಳನ್ನು ನೆಲಕ್ಕೆ ಊರಿ, ಕೈಗಳನ್ನು ತೊಡೆಯ ಅಥವಾ ಕುರ್ಚಿಯ ಕೈಯ ಮೇಲೆ ಇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲ ದಿನಗಳಲ್ಲಿ ತೆಗೆದಿಟ್ಟು ಕೂರುವುದು ಹಿತ. ತಲೆಯನ್ನು ಎತ್ತದೆ ಕಣ್ಣುಗುಡ್ಡೆಗಳನ್ನು ಮಾತ್ರ ಮೇಲಕ್ಕೆ, ಹುಬ್ಬುಗಳ ನಡುವೆ ಇಣುಕಿ ನೋಡುವಂತೆ, ಎಷ್ಟು ಸಾಧ್ಯವೋ ಅಷ್ಟು ಎತ್ತಿ. ನೋಟವನ್ನು ಮೇಲೆಯೇ ಹಿಡಿದಿಟ್ಟುಕೊಂಡು ರೆಪ್ಪೆಗಳನ್ನು ನಿಧಾನವಾಗಿ ಇಳಿಸಿ ಮುಚ್ಚಿ, ಜೊತೆಗೆ ಆಳವಾಗಿ ಉಸಿರು ಎಳೆದುಕೊಂಡು ಒಂದು ಕ್ಷಣ ತಡೆಯಿರಿ. ಬಳಿಕ ಉಸಿರನ್ನು ಬಿಡುತ್ತಾ ಕಣ್ಣುಗಳನ್ನು ಸಡಿಲಿಸಿ, ಮೈ ಹಗುರಾಗಿ ತೇಲುತ್ತಿದೆ ಎಂದು ಭಾವಿಸಿ. ಕೆರೆಯ ನೀರಿನ ಮೇಲೆ ಅಂಗಾತ ಮಲಗಿದಾಗ ಕಿವಿಯೊಳಗೆ ನೀರು ತುಂಬಿ ದಡದ ಸದ್ದು ದೂರವಾಗುತ್ತದಲ್ಲ, ಆ ನೆನಪಿರುವವರಿಗೆ ಇದು ಸುಲಭ. ಈಜು ಬಾರದವರು ಜೋಕಾಲಿಯನ್ನೋ ಕೂಸಿನ ತೊಟ್ಟಿಲನ್ನೋ ನೆನೆಯಬಹುದು.

ಕಣ್ಣನ್ನು ಹಾಗೆ ಎತ್ತುವುದು ಮೊದಲೆರಡು ದಿನ ಸ್ವಲ್ಪ ಎಳೆದಂತೆ ಅನಿಸುತ್ತದೆ, ನಗುವೂ ಬರಬಹುದು. ನೋಯುವಷ್ಟು ಎತ್ತುವ ಅಗತ್ಯವಿಲ್ಲ.

ತೇಲುವ ಭಾವ ಬಂದೊಡನೆ ಒಂದು ಕೈಗೆ ಗಮನ ಕೊಟ್ಟು, ಅದು ಹಗುರಾಗಿ ತಾನಾಗಿ ಮೇಲೇಳುತ್ತಿದೆ ಎಂದುಕೊಳ್ಳಿ. ಎದ್ದರೆ ಏಳಲಿ, ಏಳದಿದ್ದರೆ ನೀವೇ ಮೆಲ್ಲನೆ ಎತ್ತಿ ಮೊಣಕೈಯ ಮೇಲೆ ನಿಲ್ಲಿಸಿ. ಕೈ ಹಾಗೆ ಇರುವವರೆಗೆ ನೀವು ಒಳಗಿದ್ದೀರಿ ಎಂಬ ಗುರುತು ಅದು. ಈಗ ನಿಮ್ಮ ಮೂರು ಮಾತುಗಳನ್ನು ಮನಸ್ಸಿನಲ್ಲೇ, ಆತುರವಿಲ್ಲದೆ ಹೇಳಿಕೊಳ್ಳಿ. ಮೂರನೆಯ ಮಾತಿಗೆ ಆ ಕೈಯನ್ನು ತಂದು ಕೆನ್ನೆಗೆ ತಾಗಿಸಿ. ಸೇದಲು ಸಿಗರೇಟನ್ನು ತುಟಿಗೆ ತರುವ ಕೈಯೂ ಇದೇ ದಾರಿಯಲ್ಲಿ ಮೇಲೆ ಬರುತ್ತದೆ. ಆ ಚಲನೆಗೆ ಇನ್ನೊಂದು ಕೊನೆಯನ್ನು ಕಲಿಸುವುದು ಇದರ ಉದ್ದೇಶ. ಆಮೇಲೆ ಕೈಯನ್ನು ಇಳಿಸಿ, ಮೂರರಿಂದ ಒಂದರವರೆಗೆ ಹಿಂದಕ್ಕೆ ಎಣಿಸಿ, ಮುಷ್ಟಿಯನ್ನೊಮ್ಮೆ ಬಿಗಿದು ಬಿಡಿಸಿ, ಕಣ್ಣು ತೆರೆಯಿರಿ.

ಕಲಿಯುವಾಗ ಇದಕ್ಕೆ ಮೂರು ನಾಲ್ಕು ನಿಮಿಷ ಬೇಕಾಗುತ್ತದೆ. ಒಂದು ವಾರದಲ್ಲಿ ಅದು ಇಪ್ಪತ್ತು, ಮೂವತ್ತು ಸೆಕೆಂಡಿಗೆ ಇಳಿಯುತ್ತದೆ. ಆರಂಭದ ವಾರಗಳಲ್ಲಿ ಒಂದೆರಡು ಗಂಟೆಗೊಮ್ಮೆಯಂತೆ ದಿನಕ್ಕೆ ಸುಮಾರು ಹತ್ತು ಸಲ ಮಾಡಬೇಕು. ಹತ್ತು ಸಲವೇ ಎಂದು ಹುಬ್ಬೇರಿಸುವವರು ತಾವು ದಿನಕ್ಕೆ ಎಷ್ಟು ಸಿಗರೇಟಿಗಾಗಿ ಎಷ್ಟು ನಿಮಿಷ ಹೊರಗೆ ನಿಲ್ಲುತ್ತಿದ್ದೆವೆಂದು ಚೀಟಿಯಲ್ಲಿ ನೋಡಿಕೊಳ್ಳಬಹುದು. ಮರೆಯದಿರಲು ಇದನ್ನು ಹೇಗೂ ನಡೆಯುವ ಕೆಲಸಗಳಿಗೆ ಕಟ್ಟಿಹಾಕಿ: ಹಲ್ಲುಜ್ಜಿದ ಮೇಲೆ, ಸ್ನಾನದ ನೀರು ಕಾಯುವಾಗ, ಕಂಪ್ಯೂಟರ್ ತೆರೆದುಕೊಳ್ಳುವಾಗ, ಊಟದ ಕೈ ತೊಳೆದ ಮೇಲೆ, ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ. ವಾಹನ ಓಡಿಸುವಾಗ, ಗಿರಣಿಯಲ್ಲಿ ಯಂತ್ರದ ಮುಂದೆ, ಒಲೆಯ ಮೇಲೆ ಎಣ್ಣೆ ಕಾಯುತ್ತಿರುವಾಗ ಮಾತ್ರ ಸರ್ವಥಾ ಮಾಡಬಾರದು.

ಜನರ ನಡುವೆ ಕಣ್ಣನ್ನು ಮೇಲೆತ್ತಿದರೆ ಪಕ್ಕದವರು ನೀರು ತರಲು ಓಡಿಯಾರು. ಅದಕ್ಕೂ ಉಪಾಯವಿದೆ. ಮೊದಲು ಕಣ್ಣು ಮುಚ್ಚಿ, ಮುಚ್ಚಿದ ರೆಪ್ಪೆಯ ಒಳಗೇ ಗುಡ್ಡೆಗಳನ್ನು ಮೇಲೆತ್ತಿ, ಕೈಯನ್ನು ಹಣೆಗೋ ಕೆನ್ನೆಗೋ ಆನಿಸಿಕೊಂಡರೆ ನೋಡುವವರಿಗೆ ಏನನ್ನೋ ನೆನಪಿಸಿಕೊಳ್ಳುತ್ತಿದ್ದಾರೆ ಎಂದಷ್ಟೇ ಕಾಣುತ್ತದೆ. ನಾನು ಇದನ್ನು ಮೀಟಿಂಗುಗಳಲ್ಲಿ ಮಾಡಿದ್ದೇನೆ. ನನ್ನ ಗಾಂಭೀರ್ಯಕ್ಕೆ ಅದರಿಂದ ಲಾಭವೇ ಆಯಿತು.

ರಾತ್ರಿಯ ಉದ್ದನೆಯ ಅಭ್ಯಾಸ

ಚಿಕ್ಕ ಅಭ್ಯಾಸದ ಜೊತೆಗೆ ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷದ ಉದ್ದನೆಯದೊಂದು ಇರಲಿ. ಹಾಸಿಗೆಯಲ್ಲಿ ಮಾಡಿದರೆ ನಿದ್ದೆ ಬಂದುಬಿಡುತ್ತದೆ, ಅದು ತಪ್ಪೇನಲ್ಲವಾದರೂ ತಾಲೀಮು ಆಗುವುದಿಲ್ಲ. ಊಟವಾಗಿ ಒಂದು ಗಂಟೆ ಬಿಟ್ಟು ಕುರ್ಚಿಯಲ್ಲೇ ಕೂರಿ. ಮೊದಲಿನಂತೆ ಕಣ್ಣು ಮುಚ್ಚಿ ತೇಲಿದ ಮೇಲೆ, ಹಳೆಯ ದೇವಸ್ಥಾನದ ಪುಷ್ಕರಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿಯುತ್ತಿರುವಂತೆ ಕಲ್ಪಿಸಿಕೊಳ್ಳಿ. ಪ್ರತಿ ಮೆಟ್ಟಿಲಿಗೂ ಒಂದು ಉಸಿರು, ಹತ್ತು ಮೆಟ್ಟಿಲು. ಕಲ್ಲಿನ ತಂಪು ಪಾದಕ್ಕೆ ತಾಗುವುದನ್ನು, ಮೇಲಿನ ಬೀದಿಯ ಸದ್ದು ಕ್ಷೀಣಿಸುವುದನ್ನು ಕಲ್ಪನೆಯಲ್ಲಿ ಬಿಡಿಸಿಕೊಂಡಷ್ಟೂ ಒಳಗಿಳಿಯುವುದು ಸುಲಭ.

ಕೆಳಗಿನ ಮೆಟ್ಟಿಲಲ್ಲಿ ಕುಳಿತ ಮೇಲೆ, ಚೀಟಿಯಲ್ಲಿ ಗುರುತು ಹಾಕಿದ ಮೂರು ಸಂದರ್ಭಗಳಲ್ಲಿ ಒಂದನ್ನು ಸಿನಿಮಾದಂತೆ ನಡೆಸಿ. ನನ್ನದು ಚಹಾ ಅಂಗಡಿ. ಬಾಯ್ಲರಿನ ಹಬೆ, ಗ್ಲಾಸಿನ ಅಂಚಿಗೆ ಅಂಟಿದ ನೊರೆ, ದಾರದ ಲೈಟರು, ಗೆಳೆಯ ಪ್ಯಾಕನ್ನು ಅಲುಗಾಡಿಸುವ ಸದ್ದು, ಎಲ್ಲವೂ ಇರಲಿ. ಹಂಬಲ ಏಳುವುದನ್ನೂ ಬಿಡಿ, ಅದನ್ನು ತಳ್ಳಬೇಡಿ. ಕೈ ಮೇಲೇಳುತ್ತದೆ, ಕೆನ್ನೆಗೆ ತಾಗುತ್ತದೆ, ಮೂರು ಮಾತು ಬರುತ್ತವೆ, ಇನ್ನೊಂದು ಕೈ ಗ್ಲಾಸನ್ನು ಎತ್ತುತ್ತದೆ. 'ಇಲ್ಲ ಮಾರಾಯ, ಬಿಟ್ಟಿದ್ದೀನಿ' ಎಂದು ನಿಮ್ಮದೇ ದನಿಯಲ್ಲಿ ಹೇಳುವುದು ಕೇಳಿಸಲಿ. ಗೆಳೆಯ ನಗುತ್ತಾನೆ, 'ಎಷ್ಟು ದಿನ ನೋಡೋಣ' ಎನ್ನುತ್ತಾನೆ. ಅದನ್ನೂ ಸೇರಿಸಿಕೊಳ್ಳಿ, ಏಕೆಂದರೆ ಅವನು ಹಾಗೆ ಹೇಳಿಯೇ ಹೇಳುತ್ತಾನೆ. ಚಹಾ ಮುಗಿಸಿ ದುಡ್ಡು ಕೊಟ್ಟು ಹೊರಡುವವರೆಗೂ ದೃಶ್ಯ ಸಾಗಲಿ, ನಡುವೆ ನಿಲ್ಲಿಸಿದರೆ ಮನಸ್ಸು ತನಗೆ ಪರಿಚಿತವಾದ ಹಳೆಯ ಅಂತ್ಯವನ್ನೇ ಜೋಡಿಸಿಬಿಡುತ್ತದೆ. ಆಮೇಲೆ ಮೆಟ್ಟಿಲು ಹತ್ತಿ ಬಂದು ಕಣ್ಣು ತೆರೆಯಿರಿ.

ಇಷ್ಟನ್ನೂ ನೆನಪಿಟ್ಟುಕೊಳ್ಳುವುದು ಕಷ್ಟವೆನಿಸಿದರೆ ಫೋನಿನಲ್ಲಿ ನಿಮ್ಮದೇ ಧ್ವನಿಯನ್ನು ಮುದ್ರಿಸಿಕೊಳ್ಳಬಹುದು. ಓದುವ ವೇಗವನ್ನು ಅರ್ಧಕ್ಕೆ ಇಳಿಸಿ, ವಾಕ್ಯಗಳ ನಡುವೆ ಎರಡು ಉಸಿರಿನಷ್ಟು ಬಿಡುವು ಕೊಡಿ.

ಬಿಟ್ಟ ದಿನ ಮತ್ತು ಆಮೇಲೆ

ಹಿಂದಿನ ರಾತ್ರಿಯೇ ಉಳಿದ ಸಿಗರೇಟು, ಆಷ್‌ಟ್ರೇ, ಲೈಟರುಗಳನ್ನು ಮನೆಯಿಂದ ಸಾಗಹಾಕಿ. ದೇವರ ಮನೆಗೆಂದು ಒಂದು ಬೆಂಕಿಪೊಟ್ಟಣ ಉಳಿಯುತ್ತದೆ. ಅದು ಅಲ್ಲಿಯೇ ಇರಲಿ.

ದೇಹದ ಕಡೆಯಿಂದ ಏನನ್ನು ನಿರೀಕ್ಷಿಸಬೇಕು ಎಂಬುದು ಗೊತ್ತಿದ್ದರೆ ಗಾಬರಿಯಾಗುವುದಿಲ್ಲ. ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಆದ್ದರಿಂದ ಮೊದಲ ದಿನದ ಸಂಜೆಗೇ ಸಿಡುಕು ಶುರುವಾಗುತ್ತದೆ. ಎರಡನೆಯ, ಮೂರನೆಯ ದಿನ ಅದರ ಉತ್ತುಂಗ. ನಿದ್ದೆ ಕೆಡುತ್ತದೆ, ಗಮನ ನಿಲ್ಲುವುದಿಲ್ಲ, ಹಸಿವು ಹೆಚ್ಚುತ್ತದೆ, ಮನೆಯವರ ಮೇಲೆ ರೇಗುತ್ತೀರಿ. ಎರಡರಿಂದ ನಾಲ್ಕು ವಾರಗಳಲ್ಲಿ ಇದೆಲ್ಲ ಬಹುಮಟ್ಟಿಗೆ ಇಳಿಯುತ್ತದೆ. ಒಂದೊಂದು ಸಲದ ಹಂಬಲವಾದರೋ ಕೆಲವೇ ನಿಮಿಷದ್ದು, ಅಲೆಯಂತೆ ಎದ್ದು ತಾನಾಗಿ ಬೀಳುತ್ತದೆ. ಇಪ್ಪತ್ತು ಸೆಕೆಂಡಿನ ಅಭ್ಯಾಸ ಆ ಅಲೆಯನ್ನು ಅಳಿಸುವುದಿಲ್ಲ, ಆದರೆ ಅದರ ಮೊದಲ ಹೊಡೆತವನ್ನು ದಾಟಿಸುತ್ತದೆ. ಇಳಿಯದಿದ್ದರೆ ಮತ್ತೊಮ್ಮೆ, ಮಗದೊಮ್ಮೆ ಮಾಡಿ, ಒಂದು ಲೋಟ ನೀರು ಕುಡಿದು, ಇದ್ದ ಜಾಗವನ್ನು ಬಿಟ್ಟು ನಡೆಯಿರಿ.

ಕಾಫಿ ಕುಡಿಯುವವರು ಒಂದು ವಿಷಯ ತಿಳಿದಿರಬೇಕು. ಸಿಗರೇಟಿನ ಹೊಗೆಯಲ್ಲಿರುವ ಕೆಲವು ವಸ್ತುಗಳು ಯಕೃತ್ತಿನಲ್ಲಿ ಕೆಫೀನ್ ಬೇಗ ಕರಗುವಂತೆ ಮಾಡುತ್ತಿರುತ್ತವೆ. ಸೇದುವುದನ್ನು ನಿಲ್ಲಿಸಿದಾಗ ಅಷ್ಟೇ ಕಾಫಿ ಹೆಚ್ಚು ಹೊತ್ತು ಮೈಯಲ್ಲಿ ಉಳಿಯುತ್ತದೆ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದು ಸಿಗರೇಟಿಲ್ಲದ್ದರಿಂದ ಎಂದುಕೊಂಡು ಹಲವರು ಸೋಲೊಪ್ಪಿಕೊಳ್ಳುತ್ತಾರೆ, ಆದರೆ ಅದರಲ್ಲಿ ಒಂದು ಪಾಲು ಕಾಫಿಯದ್ದಾಗಿರಬಹುದು. ದಿನಕ್ಕೆ ನಾಲ್ಕು ಲೋಟವಿದ್ದರೆ ಎರಡಕ್ಕೆ ಇಳಿಸಿ. ಇದೇ ಕಾರಣದಿಂದ ಕ್ಲೋಜಪಿನ್, ಓಲಾಂಜಪಿನ್, ಥಿಯೋಫಿಲಿನ್‌ನಂಥ ಔಷಧ ತೆಗೆದುಕೊಳ್ಳುತ್ತಿರುವವರು ಬಿಡುವ ದಿನವನ್ನು ಮೊದಲೇ ತಮ್ಮ ವೈದ್ಯರಿಗೆ ತಿಳಿಸಬೇಕು, ಪ್ರಮಾಣವನ್ನು ಬದಲಿಸಬೇಕಾಗಬಹುದು.

ಮಧ್ಯೆ ಒಂದು ಸೇದಿಬಿಟ್ಟರೆ ಆ ದಿನದ ಉಳಿದ ಅಭ್ಯಾಸಗಳನ್ನು ಕೈಬಿಡದೆ ಮುಂದುವರಿಸಿ, ಅದು ನಡೆದ ಸಂದರ್ಭವನ್ನು ರಾತ್ರಿಯ ದೃಶ್ಯಕ್ಕೆ ಸೇರಿಸಿಕೊಳ್ಳಿ. ನನ್ನ ವಿಷಯದಲ್ಲಿ ಅದು ಸಾವಿನ ಮನೆಯ ಅಂಗಳವಾಗಿತ್ತು. ನಾನು ಮದುವೆಯನ್ನು ತಾಲೀಮು ಮಾಡಿದ್ದೆ, ಜಾತ್ರೆಯನ್ನು ಮಾಡಿದ್ದೆ. ಹೆಣ ಎತ್ತುವುದನ್ನು ಕಾಯುತ್ತ ಅಂಗಳದ ಮೂಲೆಯಲ್ಲಿ ಸಾಲಾಗಿ ನಿಂತು ಸೇದುವ ಗಂಡಸರ ಗುಂಪು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಮದ್ಯ ಸೇವಿಸುವವರು ಮೊದಲ ತಿಂಗಳು ಅದನ್ನೂ ದೂರವಿಡುವುದು ಲೇಸು, ಎರಡನೆಯ ಪೆಗ್ಗಿನ ನಂತರ ಯಾವ ತಾಲೀಮೂ ನೆನಪಿಗೆ ಬರುವುದಿಲ್ಲ.

ಬಿಟ್ಟದ್ದರ ಜಾಗದಲ್ಲಿ ಇನ್ನೊಂದನ್ನು ತಂದುಕೊಳ್ಳುವ ಅಪಾಯವೂ ಇದೆ. ಸಿಗರೇಟಿನಿಂದ ಬೀಡಿಗೆ ಇಳಿಯುವುದು ಬಿಟ್ಟಂತಲ್ಲ. ತೆಂಡು ಎಲೆಯ ಬೀಡಿ ಆರಿಹೋಗದಂತೆ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ, ಅದರಲ್ಲಿ ನಿಕೋಟಿನ್ನೂ ಡಾಂಬರೂ ಕಡಿಮೆಯೇನಿಲ್ಲ. ಗುಟ್ಕಾ, ಜರ್ದಾ, ಹೊಗೆಸೊಪ್ಪಿನ ಕವಳಗಳೂ ಅದೇ ನಿಕೋಟಿನ್ನಿನ ಬೇರೆ ದಾರಿ. ಇ-ಸಿಗರೇಟಿನ ತಯಾರಿಕೆ, ಮಾರಾಟಗಳು ನಮ್ಮ ದೇಶದಲ್ಲಿ 2019ರಿಂದ ನಿಷಿದ್ಧ.

ಯಾರು ಒಬ್ಬರೇ ಮಾಡಬಾರದು

ಇಲ್ಲದ ದನಿಗಳು ಕೇಳಿಸುವಂಥ ಮಾನಸಿಕ ಕಾಯಿಲೆ ಇರುವವರು, ಅಪಸ್ಮಾರ ಇರುವವರು, ಹಳೆಯ ಆಘಾತದ ನೆನಪುಗಳು ಕಣ್ಣು ಮುಚ್ಚಿದೊಡನೆ ನುಗ್ಗಿಬರುವವರು ಈ ಅಭ್ಯಾಸವನ್ನು ಮನೋವೈದ್ಯರ ಸಲಹೆಯಿಲ್ಲದೆ ಆರಂಭಿಸಬಾರದು. ಬಿಟ್ಟ ಬಳಿಕ ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ ಅಥವಾ ಬದುಕೇ ಬೇಡವೆನಿಸತೊಡಗಿದರೆ ಕಾಯದೆ ವೈದ್ಯರ ಬಳಿಗೆ ಹೋಗಬೇಕು. ದುಬಾರಿ ಶುಲ್ಕ ತೆಗೆದುಕೊಂಡು ಒಂದೇ ಸಿಟ್ಟಿಂಗಿನಲ್ಲಿ ಬಿಡಿಸಿಕೊಡುವ ಖಾತರಿ ಕೊಡುವವರ ಬಳಿಗೆ ಹೋಗುವ ಮೊದಲು ಈ ಬರಹದ ಆರಂಭದಲ್ಲಿರುವ ಅಂಕಿಗಳನ್ನು ಅವರಿಗೆ ತೋರಿಸಿ, ಏನು ಹೇಳುತ್ತಾರೆ ಕೇಳಿ.

ಒಬ್ಬಂಟಿಯಾಗಿ ಮಾಡಬೇಕಾದ ಅಗತ್ಯವೂ ಇಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ನೂರಕ್ಕೆ 28.6 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಕರ್ನಾಟಕದಲ್ಲಿ 22.8, ಇಷ್ಟು ಜನರ ಚಟಕ್ಕೆ ಸರ್ಕಾರವೇ ಉಚಿತ ಸಹಾಯವಾಣಿಯೊಂದನ್ನು ನಡೆಸುತ್ತಿದೆ. 1800-11-2356 ಎಂಬ ಆ ಸಂಖ್ಯೆ 2018ರಿಂದ ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ, ಆದರೂ ಅದನ್ನು ಓದಿದವರು ನನಗೆ ಹೆಚ್ಚು ಸಿಕ್ಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಈ ಸಹಾಯವಾಣಿಯ ಕೇಂದ್ರಗಳಲ್ಲಿ ಒಂದಾಗಿರುವುದರಿಂದ ಕನ್ನಡದಲ್ಲಿಯೇ ಮಾತಾಡಬಹುದು. ಬಿಡುವ ದಿನವನ್ನು ಅವರಿಗೆ ಹೇಳಿಟ್ಟು, ಈ ಅಭ್ಯಾಸವನ್ನೂ ಮಾಡುತ್ತಿದ್ದೇನೆಂದು ತಿಳಿಸಿದರೆ ಎರಡೂ ಒಂದಕ್ಕೊಂದು ಆಸರೆಯಾಗುತ್ತವೆ.

ಮೂರು ತಿಂಗಳು ದಾಟಿದ ಮೇಲೆ ದಿನಕ್ಕೆ ಹತ್ತರ ಲೆಕ್ಕವನ್ನು ಎರಡಕ್ಕೆ ಇಳಿಸಬಹುದು, ರಾತ್ರಿಯದನ್ನು ವಾರಕ್ಕೊಮ್ಮೆಗೆ. ಆದರೆ ದೂರದ ಪ್ರಯಾಣ, ಹಳೆಯ ಗೆಳೆಯರ ಕೂಟ, ಆಸ್ಪತ್ರೆಯ ಹೊರಗಿನ ಕಾಯುವಿಕೆ ಇಂಥವು ಎದುರಿದ್ದಾಗ ಹಿಂದಿನ ಎರಡು ರಾತ್ರಿ ಆ ದೃಶ್ಯವನ್ನು ಪೂರ್ತಿಯಾಗಿ ಒಮ್ಮೆ ನಡೆಸಿಕೊಂಡೇ ಹೊರಡಿ, ಸಾವಿನ ಮನೆಯ ಅಂಗಳವೂ ಅದರಲ್ಲಿ ಇರಲಿ.